ರೋಮಾಪುರಿಯ ಎಡಚನೂ ನಮ್ಮತ್ತೆಯ ಬಲಗೈಯೂ

ಮೊದಲಿಗೇ ಹೇಳಿಬಿಡುತ್ತೇನೆ: ಆ ರೋಮನ್ ವೀರ ಕೊಂದದ್ದು ಒಬ್ಬ ಗುಮಾಸ್ತನನ್ನು. ಊರಿಗೆ ಮುತ್ತಿಗೆ ಹಾಕಿದ್ದ ರಾಜನನ್ನು ಕೊಲ್ಲುತ್ತೇನೆಂದು ಬಟ್ಟೆಯೊಳಗೆ ಕತ್ತಿ ಬಚ್ಚಿಟ್ಟುಕೊಂಡು ಶತ್ರುಗಳ ಪಾಳೆಯಕ್ಕೆ ನುಗ್ಗಿದ ಮಹಾಶಯ, ರಾಜನ ಪಕ್ಕದಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಸೈನಿಕರಿಗೆ ಸಂಬಳ ಬಟವಾಡೆ ಮಾಡುತ್ತ ಕೂತಿದ್ದ ಬಡಪಾಯಿಯೇ ರಾಜನೆಂದು ತಿಳಿದು ಅವನಿಗೆ ಇರಿದ. ಇವರಲ್ಲಿ ರಾಜ ಯಾರು ಎಂದು ಪಕ್ಕದವರನ್ನು ಕೇಳಬಹುದಿತ್ತು. ಕೇಳಿದರೆ ಸಿಕ್ಕಿಬೀಳುತ್ತೇನೆಂಬ ಭಯ. ಕೇಳದೆಯೂ ಸಿಕ್ಕಿಬಿದ್ದ. ಸುಟ್ಟು ಹಾಕಿಸುತ್ತೇನೆ ಎಂದು ರಾಜ ಗದರಿದಾಗ, ಅಲ್ಲೇ ಉರಿಯುತ್ತಿದ್ದ ಬೆಂಕಿಯಲ್ಲಿ ತನ್ನ ಬಲಗೈಯನ್ನು ತಾನೇ ಇಟ್ಟು ಮುಖ ಕಿವುಚದೆ ನಿಂತುಕೊಂಡ. ನನ್ನಂಥವರು ಇನ್ನೂ ಮುನ್ನೂರು ಮಂದಿ ಸರದಿಯಲ್ಲಿದ್ದಾರೆ ಎಂದು ಒಂದು ಬುರುಡೆಯನ್ನೂ ಬಿಟ್ಟ. ರಾಜ ಬೆದರಿ ಅವನನ್ನು ಬಿಟ್ಟು, ಸಂಧಿ ಮಾಡಿಕೊಂಡು, ಗಂಟುಮೂಟೆ ಕಟ್ಟಿದ. ಕೈ ಸುಟ್ಟುಕೊಂಡು ಬಂದವನಿಗೆ ರೋಮಿನವರು ‘ಎಡಚ’ ಎಂದು ಬಿರುದು ಕೊಟ್ಟರು. ಅವನ ಲ್ಯಾಟಿನ್ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ಅವನು ಎಡಚನಾಗಿಯೇ ಉಳಿದ.

ಈ ಎಡಚ ಎಂಬತ್ತರ ದಶಕದಲ್ಲಿ ಕ್ಯುಪರ್ಟಿನೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದದ್ದು ಸ್ಕೂಲ್ ಲೈಬ್ರರಿಯ ಪುಸ್ತಕವೊಂದರಲ್ಲಿ ಕೂತು. ತಂದವಳು ಮೂರನೇ ಗ್ರೇಡಿನಲ್ಲಿದ್ದ ನನ್ನ ಮಗಳು. ಅವಳು ಹುಟ್ಟಾ ಎಡಚಿ. ಪುಸ್ತಕಕ್ಕಿಂತ ತುಸು ಮೊದಲು, ಮೈಸೂರಿನಿಂದ ಹಪ್ಪಳ, ಸಂಡಿಗೆ, ಮೆಂತ್ಯದ ಹಿಟ್ಟು ಮತ್ತು ಒಂದು ಹಿತ್ತಾಳೆ ಚೊಂಬಿನ ಸಮೇತ ಬಂದಿಳಿದವರು ನಮ್ಮತ್ತೆ. ಆರು ತಿಂಗಳಿಗೆಂದು ಬಂದಿದ್ದರು. ಬಂದ ದಿನವೇ ಮೊಮ್ಮಗಳ ಊಟ ನೋಡಿ ಎದೆ ಹಿಡಿದುಕೊಂಡರು.

‘ಅಯ್ಯೋ ರಾಮ! ಮಗು ಎಡಗೈಲಿ ಅನ್ನ ಕಲಸ್ತಿದೆಯಲ್ಲೇ! ನೀನು ನೋಡ್ಕೊಂಡು ಸುಮ್ನೆ ಕೂತಿದೀಯಲ್ಲ!’

‘ಅವಳಿಗೆ ಅದೇ ಅಭ್ಯಾಸ ಅತ್ತೆ. ಇಲ್ಲಿ ಸ್ಕೂಲಲ್ಲೂ ಏನೂ ಅನ್ನಲ್ಲ.’

‘ಸ್ಕೂಲಿನವರಿಗೇನು ಗೊತ್ತು? ಎಡಗೈ ಯಾತಕ್ಕಿರೋದು ಅಂತ ಅವರಿಗೆ ಯಾರಾದ್ರೂ ಹೇಳಿದಾರಾ?’

‘ಅದಕ್ಕೂ ಇಲ್ಲಿ ನೀರಿಲ್ವಲ್ಲ ಅತ್ತೆ, ಬರೀ ಕಾಗದ. ಕಾಗದಕ್ಕೆ ಯಾವ ಕೈ ಆದ್ರೇನು?’ ಎಂದೆ. ನಮ್ಮನೆಯವರು ಮಜ್ಜಿಗೆ ಕುಡಿಯುತ್ತಿದ್ದವರು ನೆತ್ತಿಗೆ ಹತ್ತಿಸಿಕೊಂಡರು. ಅತ್ತೆ ಮಾತ್ರ, ತಮ್ಮ ಚೊಂಬು ಯಾಕೆ ಬಂದಿದೆ ಅಂತ ಈಗ ಗೊತ್ತಾಯಿತೇ ಎನ್ನುವಂತೆ ನನ್ನನ್ನು ನೋಡಿದರು.

ನಾನು ಸನಿವೇಲಿನ ಒಂದು ಚಿಪ್ ಕಂಪನಿಯಲ್ಲಿ ದಿನವಿಡೀ ಮೈಕ್ರೋಸ್ಕೋಪಿನಡಿ ತಪ್ಪು ಹುಡುಕುವ ಕೆಲಸದಲ್ಲಿದ್ದೆ. ಸೊಸೆಯಾಗಿ ತರಬೇತಿ ಪಡೆದವಳಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಅತ್ತೆಯ ತಂತ್ರದಲ್ಲಿ ಒಂದು ಲೋಪವೂ ನನಗೆ ಕಾಣಲಿಲ್ಲ. ಅವರು ಮಗುವಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಮೈಸೂರಿನ ಭಜನಾ ಮಂಡಳಿಯಲ್ಲಿ ಹರಿಕಥೆ ಮಾಡುತ್ತಿದ್ದ ಹೆಂಗಸು. ಮಗು ಸ್ಕೂಲಿನಿಂದ ಬಂದ ಕೂಡಲೇ ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು, ಪಾತ್ರೆಯಲ್ಲಿ ಹುಳಿಯನ್ನ ಕಲಸಿ, ಕಥೆ ಹೇಳುತ್ತ ಕೈತುತ್ತು ಕೊಡತೊಡಗಿದರು. ಬಲಗೈ ಒಡ್ಡಿದರೆ ತುತ್ತು ಬೀಳುತ್ತಿತ್ತು. ಎಡಗೈ ಒಡ್ಡಿದರೆ ಕಥೆ ನಿಲ್ಲುತ್ತಿತ್ತು. ರಾಕ್ಷಸ ಬಾಯಿ ತೆರೆದವನು ತೆರೆದಂತೆಯೇ ಕಾಯಬೇಕು. ನನ್ನ ಮಗಳಿಗೆ ಅನ್ನ ಬಿಟ್ಟರೂ ಕಥೆ ಬಿಡಲಾಗದು. ಎಡಗೈ ತಾನಾಗಿ ಮುಂದೆ ಬರುವುದನ್ನು ತಡೆಯಲು ಅದರ ಮೇಲೆ ಕೂರುವುದನ್ನು ಅವಳೇ ಕಂಡುಕೊಂಡಳು.

ಹೀಗೆ ನಡೆಯುತ್ತಿರುವಾಗ ಪುಸ್ತಕ ಬಂತು. ಬೆಂಕಿಯಲ್ಲಿ ಕೈಯಿಟ್ಟು ನಿಂತವನ ಚಿತ್ರವಿದ್ದ ಪುಟ ತೆರೆದು ಮಗಳು ಅಜ್ಜಿಯ ಮುಂದೆ ಹಿಡಿದಳು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಕಥೆ ಹೇಳಿದಳು. ಕಡೆಗೆ, ‘ಸೀ ಅಜ್ಜಿ, ಲೆಫ್ಟ್ ಹ್ಯಾಂಡೆಡ್ ಅನ್ನೋದು ಪ್ರೈಜು!’ ಎಂದಳು. ವಕೀಲಿಕೆಗೆ ಸಾಕ್ಷಿ ಸಮೇತ ಬಂದಿದ್ದಳು.

ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಒಳ್ಳೆಯ ಕಥೆ ಕಂಡರೆ ಅವರಿಗೆ ಬಾಯಲ್ಲಿ ನೀರೂರುತ್ತಿತ್ತು. ‘ಪ್ರೈಜೂ ಇಲ್ಲ ಗೀಜೂ ಇಲ್ಲ. ಬಲಗೈ ನಿರಪರಾಧಿ ಗುಮಾಸ್ತನ್ನ ಕೊಲ್ತು. ಅದಕ್ಕೆ ಅಗ್ನಿಸಾಕ್ಷಿಯಾಗಿ ಪ್ರಾಯಶ್ಚಿತ್ತ ಮಾಡಿಸ್ದ. ಪಾಪ, ಆಮೇಲೆ ಎಡಗೈಯೇ ಗತಿ ಆಯ್ತು. ಕುಂಟನ್ನ ಕುಂಟ ಅಂತಾರೆ, ಇವನ್ನ ಎಡಚ ಅಂದ್ರು’ ಎಂದು ತೀರ್ಪು ಕೊಟ್ಟು ಒಂದು ತುತ್ತು ಮುಂದಿಟ್ಟರು. ಮಗು ಬಲಗೈ ಒಡ್ಡಿತು.

ಆದರೆ ಎಡಚ ಅವರನ್ನು ಬಿಡಲಿಲ್ಲ. ಮಾರನೆಯ ದಿನ ಅವರೇ ಕಥೆ ಎತ್ತಿದರು, ಈಗ ರೋಮಾಪುರಿಗೆ ಒಂದು ಕೋಟೆ, ಒಂದು ಹೊಳೆ, ಹೊಳೆಯ ದಂಡೆಯಲ್ಲಿ ಒಂದು ಅಶ್ವತ್ಥಕಟ್ಟೆ ಬಂದಿದ್ದವು. ಅದರ ಮಾರನೆಯ ದಿನ ಗುಮಾಸ್ತನ ಹೆಂಡತಿ ಬಂದು ಗೋಳಾಡಿದಳು. ಇನ್ನೂ ಸ್ವಲ್ಪ ದಿನ ಬಿಟ್ಟರೆ ವೀರನಿಗೆ ಉಪನಯನವಾಗುವುದರಲ್ಲಿ ಸಂಶಯವಿರಲಿಲ್ಲ. ನನಗೆ ಕುತೂಹಲ ಹುಟ್ಟಿ, ಲೈಬ್ರರಿಯಲ್ಲಿ ದೊಡ್ಡವರ ಪುಸ್ತಕಗಳನ್ನೂ ತಿರುವಿ ಹಾಕಿದೆ. ಅಲ್ಲೂ ಇದೇ ಗತಿ. ದೇಶಭಕ್ತರು ಅವನ ಕೈಯನ್ನು ಬಾವುಟ ಮಾಡಿಕೊಂಡಿದ್ದರು. ಮೇಷ್ಟರುಗಳು ಅದನ್ನು ಹುಡುಗರ ಬೆನ್ನಿಗೆ ಬೆತ್ತ ಮಾಡಿಕೊಂಡಿದ್ದರು: ನೋಡಿ, ಅವನು ಕೈ ಸುಟ್ಟುಕೊಂಡೂ ಅಳಲಿಲ್ಲ, ನೀವು ಮಗ್ಗಿ ಹೇಳುವುದಕ್ಕೇ ಅಳುತ್ತೀರಿ. ಧರ್ಮೋಪದೇಶಕರು, ದೇವರನ್ನರಿಯದವನೇ ಇಷ್ಟು ಸಹಿಸಿದರೆ ನಿಮಗೇನು ರೋಗ ಎಂದು ಭಕ್ತರನ್ನು ಗದರಿದ್ದರು. ಚಿತ್ರಕಾರರಿಗಂತೂ ಒಳ್ಳೆಯ ತೋಳು, ಒಳ್ಳೆಯ ಬೆಂಕಿ ಸಿಕ್ಕಿತ್ತು. ನೆಟ್ಟಗೆ ರಾಜನನ್ನೇ ಇರಿದಿದ್ದರೆ ಇವನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಕೆಲಸ ಕೆಡಿಸಿಕೊಂಡದ್ದರಿಂದ ಎರಡೂವರೆ ಸಾವಿರ ವರ್ಷ ಬಾಳಿದ. ಗುಮಾಸ್ತನ ಹೆಂಡತಿಯ ಬಗ್ಗೆ ಮಾತ್ರ ಅಷ್ಟು ಪುಸ್ತಕಗಳಲ್ಲಿ ಒಂದು ಸಾಲೂ ನನಗೆ ಸಿಗಲಿಲ್ಲ. ಆ ವಿಷಯದಲ್ಲಿ ನಮ್ಮತ್ತೆಯೇ ಮೇಲು.

‘ಅವನ ತಾಯಿ ಎಲ್ಲಿ?’ ಎಂದು ಅತ್ತೆ ಒಂದು ಸಂಜೆ ನನ್ನನ್ನು ಕೇಳಿದರು, ನಾನೇ ಬಚ್ಚಿಟ್ಟಿದ್ದೇನೋ ಎಂಬಂತೆ.

‘ಪುಸ್ತಕದಲ್ಲಿ ಇಲ್ಲ ಅತ್ತೆ.’

‘ಮಗ ಕೈ ಸುಟ್ಕೊಂಡು ಮನೆಗೆ ಬಂದಿದಾನೆ, ತಾಯಿ ಇಲ್ಲ ಅಂದ್ರೆ ಅದೆಂಥ ಕಥೆಯೇ?’ ಎಂದವರೇ ತಾಯಿಯನ್ನು ತಂದು ಹೊಳೆ ದಂಡೆಯಲ್ಲಿ ನಿಲ್ಲಿಸಿದರು. ರೋಮಾಪುರಿಯೆಲ್ಲ ಜಯಕಾರ ಹಾಕುತ್ತಿರುವಾಗ ಆ ತಾಯಿ ಮಗನ ಕೈ ನೋಡಿ ಕೇಳುವುದು ಒಂದೇ ಮಾತು: ‘ಇನ್ನು ಊಟ ಹೇಗೆ ಮಾಡ್ತೀಯೋ ಮಗನೇ?’ ಆಮೇಲೆ ಅವಳು ಬದುಕಿರುವ ತನಕ ಅವನಿಗೆ ಕೈತುತ್ತು ಕೊಟ್ಟಳಂತೆ. ಬಲಗೈಯಲ್ಲಿ. ಮಗ ಎಡಗೈಯನ್ನು ಅನ್ನಕ್ಕೆ ಮುಟ್ಟಿಸಲೇ ಇಲ್ಲವಂತೆ.

ನನ್ನ ಮಗಳು ಎಡಗೈಯ ಮೇಲೆ ಕೂತಲ್ಲಿಂದಲೇ ಕೇಳಿದಳು: ‘ದೆನ್ ವೈ ಡಿಡ್ ದೇ ಕಾಲ್ ಹಿಮ್ ಲೆಫ್ಟ್ ಹ್ಯಾಂಡೆಡ್, ಅಜ್ಜಿ?’

ಅತ್ತೆಗೆ ಇಂಗ್ಲಿಷು ಪ್ರಶ್ನೆ ಪೂರ್ತಿ ಅರ್ಥವಾಯಿತು. ಪಾತ್ರೆ ಎತ್ತಿಕೊಂಡು ಎದ್ದರು.

ಅದೇ ವಾರ ಮಗಳ ಟೀಚರು ನನ್ನ ಆಫೀಸಿಗೆ ಫೋನ್ ಮಾಡಿದರು. ಕ್ಲಾಸಿನಲ್ಲಿ ಅವಳು ಎಡಗೈಯ ಮೇಲೆ ಕೂತುಬಿಡುತ್ತಾಳಂತೆ. ಬಲಗೈಯಲ್ಲಿ ಪೆನ್ಸಿಲ್ ಹಿಡಿದು, ಏನೂ ಬರೆಯದೆ, ಬೆಲ್ ಹೊಡೆಯುವವರೆಗೂ ಹಾಳೆ ನೋಡುತ್ತಿರುತ್ತಾಳಂತೆ. ಪ್ರಶ್ನೆ ಕೇಳಿದರೂ ಮಾತಿಲ್ಲವಂತೆ. ಮನೆಯಲ್ಲಿ ಏನಾದರೂ ಆಗಿದೆಯೇ ಎಂದು ಟೀಚರು ಬಹಳ ನಾಜೂಕಾಗಿ ಕೇಳಿದರು. ವಟವಟ ಎನ್ನುತ್ತಿದ್ದ ಮಗು ಬಾಯಿ ಮುಚ್ಚಿಕೊಂಡಿದೆ ಎಂದು ಕೇಳಿ ಮೈಕ್ರೋಸ್ಕೋಪಿನ ದೀಪ ಆರಿಸಿದೆ. ಅತ್ತೆ ಹೊರಡುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಅಷ್ಟರಲ್ಲಿ ನನ್ನ ಮಗು ಏನಾಗಿ ಉಳಿದೀತು?

ಸಂಜೆ ನಮ್ಮನೆಯವರನ್ನು ಕಾರಿನಲ್ಲೇ ಹಿಡಿದುಕೊಂಡೆ. ಮನೆಯೊಳಗೆ ಜಗಳವಾಡುವಷ್ಟು ಜಾಗ ಆ ಅಪಾರ್ಟ್‌ಮೆಂಟಿನಲ್ಲಿರಲಿಲ್ಲ.

‘ನಿಮ್ಮಮ್ಮನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?’

‘ಅಷ್ಟೊಂದು ಯಾಕೆ ಹಾರಾಡ್ತೀಯಾ? ನಂಗೂ ಅಮ್ಮ ಹಾಗೇ ಮಾಡಿದ್ದು. ಹಳೇ ಸೀರೆ ಚೂರಲ್ಲಿ ಎಡಗೈನ ಸೊಂಟಕ್ಕೆ ಕಟ್ಟಿ ಕೂರಿಸ್ತಿದ್ರು. ನಾನೇನು ಹಾಳಾಗೋದ್ನಾ?’

ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಇದು ನನಗೆ ಗೊತ್ತಿರಲಿಲ್ಲ. ಅವರ ಕೈಬರಹ ನೋಡಿದವರು ಜಿರಳೆಯನ್ನು ಶಾಯಿಯಲ್ಲಿ ಅದ್ದಿ ಬಿಟ್ಟಿದ್ದಾರೆ ಎನ್ನುತ್ತಿದ್ದರು, ನಾನೂ ನಕ್ಕಿದ್ದೆ. ಮೊಳೆ ಹೊಡೆಯಲು ಸುತ್ತಿಗೆ ಎತ್ತಿದರೆ ಅದು ಮೊದಲು ಎಡಗೈಗೆ ಹೋಗಿ, ಏನೋ ನೆನಪಾದಂತೆ ಬಲಗೈಗೆ ಬರುವುದನ್ನೂ ನೋಡಿದ್ದೆ. ಹಾಳಾಗಲಿಲ್ಲ, ನಿಜ. ಆದರೆ ಹಾಳಾಗಲಿಲ್ಲ ಎಂದ ಆ ಮನುಷ್ಯ ಸ್ಟಿಯರಿಂಗ್ ಬಿಟ್ಟು ಕೆಳಗಿಳಿಯಲು ಬಹಳ ಹೊತ್ತು ತೆಗೆದುಕೊಂಡರು. ತಾಯಿಗೆ ಏನೂ ಹೇಳಲಿಲ್ಲ.

ಹೇಳುವ ಪ್ರಮೇಯವೂ ಬರಲಿಲ್ಲ, ಒಲೆ ನನ್ನ ಪಕ್ಷ ವಹಿಸಿತು. ಅತ್ತೆಗೆ ನಮ್ಮ ಎಲೆಕ್ಟ್ರಿಕ್ ಒಲೆಯ ಮೇಲೆ ಮೊದಲಿನಿಂದ ತಾತ್ಸಾರ. ‘ಬೆಂಕಿಯೇ ಇಲ್ಲದ ಮನೆ ಇದು. ಅಗ್ನಿ ಇಲ್ಲದೆ ಬೇಯಿಸಿದ್ದು ಅನ್ನವೇನೇ?’ ಎನ್ನುತ್ತಿದ್ದರು. ಹಾಗೆಂದು ಒಲೆಗೆ ಸಲ್ಲಬೇಕಾದ ಮರ್ಯಾದೆಯನ್ನು ತಪ್ಪಿಸುವವರಲ್ಲ. ಅಡುಗೆ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಲೆ ಸಾರಿಸಿ, ಅಂಚಿನಲ್ಲಿ ಒಂದೆಳೆ ರಂಗೋಲಿ ಎಳೆದೇ ಕೈತೊಳೆಯುತ್ತಿದ್ದರು. ನಾನು ಎಷ್ಟೋ ಸಲ ಹೇಳಿದ್ದೆ, ಒಲೆಯ ಆ ಸುರುಳಿ ಕೆಂಪು ಹೋಗಿ ಕಪ್ಪಾದ ಮೇಲೂ ಕಾದಿರುತ್ತದೆ ಎಂದು. ಉರಿ ಕಾಣದಿದ್ದರೆ ಆರಿದೆ ಎಂದೇ ಲೆಕ್ಕ ಹಾಕಿ ಬೆಳೆದ ಜೀವ. ನವರಾತ್ರಿಯ ಮೊದಲ ದಿನ ಬೆಳಿಗ್ಗೆ, ಆಗಷ್ಟೇ ಆರಿಸಿದ ಸುರುಳಿಯ ಮೇಲೆ ಬಟ್ಟೆ ಜಾರಿ, ಬಲ ಅಂಗೈಯನ್ನು ಪೂರ್ತಿ ಊರಿಬಿಟ್ಟರು.

ರೋಮಿನವನ ಹಾಗೆ ಅವರು ಸುಮ್ಮನೆ ನಿಲ್ಲಲಿಲ್ಲ. ಕ್ಯುಪರ್ಟಿನೋಗೆಲ್ಲ ಕೇಳಿಸುವಂತೆ ಕಿರುಚಿ, ಒಲೆ ಮಾಡಿದವನ ವಂಶವನ್ನೆಲ್ಲ ಶಪಿಸಿದರು. ಆಸ್ಪತ್ರೆಯಲ್ಲಿ ಬಾಕ್ಸಿಂಗ್ ಗ್ಲೌಸಿನಷ್ಟು ದಪ್ಪದ ಬ್ಯಾಂಡೇಜು ಸುತ್ತಿ ಕಳಿಸಿದರು. ದಾರಿಯುದ್ದಕ್ಕೂ ನನಗೆ ಅವರನ್ನು ನೋಡಿ ಅಳುವೂ ಬರುತ್ತಿತ್ತು, ಎಡಚನನ್ನು ನೆನೆದು ನಗುವೂ ಬರುತ್ತಿತ್ತು.

ಬೆಳಿಗ್ಗೆ ಮತ್ತು ರಾತ್ರಿ ನಾನು ತುತ್ತು ಮಾಡಿ ತಿನ್ನಿಸುತ್ತಿದ್ದೆ. ಮಧ್ಯಾಹ್ನದ್ದೇ ಕಷ್ಟ. ಎಡಗೈಯಲ್ಲಿ ಚಮಚ ಹಿಡಿದುಕೊಳ್ಳಿ ಎಂದರೆ, ‘ಉಪವಾಸ ನಂಗೇನು ಹೊಸದಾ? ನವರಾತ್ರಿ, ಪುಣ್ಯವೇ ಬರುತ್ತೆ’ ಎನ್ನುತ್ತಿದ್ದರು. ಮೇಜಿನ ಮೇಲೆ ಮುಚ್ಚಿಟ್ಟು ಹೋದ ಮೊಸರನ್ನ ಸಂಜೆಗೆ ಹಾಗೇ ಹುಳಿಯಾಗಿರುತ್ತಿತ್ತು. ಆ ವಯಸ್ಸಿನವರು ಹಟಕ್ಕೆ ಹಸಿದು ಕೂರುವುದನ್ನು ನೋಡಿ ನನಗೆ ರೇಗುತ್ತಿತ್ತು.

ಒಂದು ದಿನ ತಡೆಯದೆ ಆಫೀಸಿನಿಂದ ಬೇಗ ಹೊರಟು ಬಂದೆ. ಬಾಗಿಲು ತೆರೆದರೆ ಅಡುಗೆಮನೆಯಿಂದ ಮಾತು ಕೇಳಿಸುತ್ತಿತ್ತು. ಬೂಟು ಬಿಚ್ಚುವುದನ್ನೂ ಮರೆತು ಇಣುಕಿದೆ. ಅತ್ತೆ ಬೀರುವಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಎದುರಿಗೆ ನನ್ನ ಮಗಳು ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಮೊಸರನ್ನ ಕಲಸುತ್ತಿದ್ದಳು. ಎಡಗೈಯಲ್ಲಿ.

‘ಬಾಯಿ ತೆಗಿ ಅಜ್ಜಿ. ಇಲ್ಲಾಂದ್ರೆ ನೋ ಸ್ಟೋರಿ’ ಎಂದಳು. ಎಡಚ ಆಗ ಹೊಳೆ ದಂಡೆಗೆ ಬಂದಿದ್ದ. ತಾಯಿ ಕೇಳುತ್ತಿದ್ದಳು, ಊಟ ಹೇಗೆ ಮಾಡ್ತೀಯೋ ಮಗನೇ ಎಂದು. ಅಷ್ಟು ಉದ್ದದ ಕನ್ನಡ ವಾಕ್ಯವನ್ನು ನನ್ನ ಮಗಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಬಾಯಿ ತೆರೆದರು. ಎಡಗೈಯ ತುತ್ತು ಒಳಗೆ ಹೋಯಿತು. ಅಗಿಯುತ್ತಿರುವಾಗ ನಾನು ಕಣ್ಣಿಗೆ ಬಿದ್ದೆ. ನಾಚಿಕೆಯಾಗುತ್ತದೇನೋ ಎಂದುಕೊಂಡರೆ, ಗದರಿದರು:

‘ಏನ್ ಹಾಗೆ ನೋಡ್ತಿದೀಯಾ? ಉಪ್ಪಿನಕಾಯಿ ತಗೊಂಡ್ ಬಾ.’

ತಂದುಕೊಟ್ಟೆ. ನಾನು ಆ ಮನೆಯಲ್ಲಿ ಬಡಿಸಿದ ಉಪ್ಪಿನಕಾಯಿಗಳಲ್ಲೆಲ್ಲ ಅಷ್ಟು ಸಂತೋಷದಿಂದ ಬಡಿಸಿದ್ದು ಇನ್ನೊಂದಿಲ್ಲ.

ವಿಜಯದಶಮಿಗೆ ಫ್ರೀಮಾಂಟಿನ ಒಂದು ಬಾಡಿಗೆ ಹಾಲಿನಲ್ಲಿ ಊರಿನ ಕನ್ನಡದವರೆಲ್ಲ ಸೇರಿ ಸರಸ್ವತಿ ಪೂಜೆ ಇಟ್ಟುಕೊಂಡಿದ್ದರು. ಮಕ್ಕಳು ತಟ್ಟೆಯ ಅಕ್ಕಿಯಲ್ಲಿ ಬೆರಳಿನಿಂದ ಅಕ್ಷರ ಬರೆಯುವುದು, ಆಮೇಲೆ ಅತ್ತೆಯ ಹರಿಕಥೆ, ಆಮೇಲೆ ಪುಳಿಯೋಗರೆ. ವಾರದ ದಿನಗಳಲ್ಲಿ ಎಂಜಿನಿಯರ್ ಆಗಿದ್ದು ಹಬ್ಬಗಳಲ್ಲಿ ಪುರೋಹಿತರಾಗುತ್ತಿದ್ದವರೊಬ್ಬರು ನನ್ನ ಮಗಳ ಬಲಗೈ ಹಿಡಿದುಕೊಂಡರು. ಅವಳು ತಿರುಗಿ ಅಜ್ಜಿಯನ್ನು ನೋಡಿದಳು. ಅತ್ತೆ ಹಿಂದಿನಿಂದ, ‘ಅದನ್ನ ಬಿಡಿ ಸ್ವಾಮಿ, ಇನ್ನೊಂದು ಕೈ ಹಿಡ್ಕೊಳ್ಳಿ’ ಎಂದರು. ಪುರೋಹಿತರು ಶಾಸ್ತ್ರ ಎಂದು ಬಾಯಿ ತೆರೆದವರು, ಬ್ಯಾಂಡೇಜು ಸುತ್ತಿದ ಆ ಕೈ ಮೇಲೆದ್ದದ್ದು ನೋಡಿ ಮುಚ್ಚಿಕೊಂಡರು. ಮಗು ಎಡಗೈ ಬೆರಳಿನಿಂದ ತಟ್ಟೆಯ ತುಂಬ ‘ಅ’ ಬರೆಯಿತು.

ಹರಿಕಥೆಗೆ ಅತ್ತೆ ಆರಿಸಿಕೊಂಡದ್ದು ರೋಮಾಪುರಿಯನ್ನು. ಕನ್ನಡ ಸಂಘದ ಕಾರ್ಯದರ್ಶಿ ಓಡಿಬಂದು, ‘ಅಮ್ಮ, ಇದನ್ನ ಹರಿಕಥೆ ಅನ್ನೋಕಾಗುತ್ತಾ? ಇದರಲ್ಲಿ ಹರಿ ಎಲ್ಲಿದಾನೆ?’ ಎಂದರು. ‘ಹುಡುಕಿದ್ರೆ ಸಿಗ್ತಾನೆ, ಕೂತ್ಕೊಳ್ಳಿ’ ಎಂದು ಅತ್ತೆ ಎಡಗೈಗೆ ತಾಳದ ಚಿಟಿಕೆ ಸಿಕ್ಕಿಸಿಕೊಂಡರು. ಗುಮಾಸ್ತ ಸತ್ತಾಗ ಜನ ನಕ್ಕರು, ಅವನ ಹೆಂಡತಿ ಅತ್ತಾಗ ಸುಮ್ಮನಾದರು. ಬೆಂಕಿಯ ವರ್ಣನೆಗೆ ಅತ್ತೆಗೆ ಈಗ ಸ್ವಾನುಭವವಿತ್ತು. ಮುನ್ನೂರು ಮಂದಿಯ ಬುರುಡೆಗೆ ಚಪ್ಪಾಳೆ ಬಿತ್ತು. ಕಡೆಗೆ ಮಗ ಹೊಳೆ ದಂಡೆಗೆ ಬಂದ, ತಾಯಿ ಎದುರಾದಳು, ಊಟ ಹೇಗೆ ಮಾಡ್ತೀಯೋ ಮಗನೇ ಎಂದಳು. ‘ಇನ್ನೊಂದು ಕೈ ಇದೆಯಲ್ಲಮ್ಮ’ ಎಂದ ಮಗ.

ಇಲ್ಲಿಗೆ ಮಂಗಳ ಹಾಡಬೇಕಿತ್ತು. ಅತ್ತೆ ಹಾಡಲಿಲ್ಲ.

‘ಆಗ ಆ ತಾಯಿಗೆ ನೆನಪಾಯ್ತು’ ಎಂದರು. ದನಿ ಹರಿಕಥೆಯದಾಗಿರಲಿಲ್ಲ, ಅಡುಗೆಮನೆಯದಾಗಿತ್ತು. ‘ಆ ಕೈನ ಅವಳು ಒಂದ್ಕಾಲದಲ್ಲಿ ಕಟ್ಟಿ ಹಾಕಿದ್ಳು. ಹಳೇ ಸೀರೆ ಚೂರಲ್ಲಿ. ಜನ ಏನಂತಾರೋ ಅಂತ. ಅದಕ್ಕೆ ಮೊದ್ಲು ಮಗ ಆ ಕೈಲಿ ಮನೆ ಗೋಡೆ ತುಂಬ ಆನೆ ಬರೀತಿದ್ದ. ಅಂಬಾರಿ ಸಮೇತ. ಕಟ್ಟಿದ ಮೇಲೆ ಒಂದು ಆನೇನೂ ಬರೀಲಿಲ್ಲ. ಅವಳೂ ಯಾಕೋ ಅಂತ ಕೇಳ್ಲಿಲ್ಲ.’

ರೋಮಿನ ಗೋಡೆಗೆ ಅಂಬಾರಿಯ ಆನೆ ಎಲ್ಲಿಂದ ಬಂತು ಎಂದು ನಾನು ಯೋಚಿಸುತ್ತಿರುವಾಗಲೇ ಪಕ್ಕದ ಕುರ್ಚಿ ಸದ್ದಾಯಿತು. ನಮ್ಮನೆಯವರು ಎದ್ದು, ಯಾರ ಮುಖವನ್ನೂ ನೋಡದೆ, ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಆಗ ಗೊತ್ತಾಯಿತು, ಆ ಆನೆಗಳು ಮೈಸೂರಿನವು ಎಂದು. ನನ್ನ ಗಂಡ ಆನೆ ಬರೆಯುತ್ತಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಎದ್ದು ಹಿಂದೆಯೇ ಹೋದೆ.

ಪಾರ್ಕಿಂಗ್ ಲಾಟಿನಲ್ಲಿ ಅವರು ನಮ್ಮ ಸ್ಟೇಷನ್ ವ್ಯಾಗನ್ನಿಗೆ ಒರಗಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

‘ಆ ತಾಯಿ ವಿಷಯ ಪುಸ್ತಕದಲ್ಲಿದೆಯಾ?’ ಎಂದರು.

‘ಇಲ್ಲಾರೀ. ಅದು ನಿಮ್ಮಮ್ಮ ಸೇರಿಸಿದ್ದು.’

ಒಳಗೆ ಮಂಗಳ ಮುಗಿದು ಜನ ಪುಳಿಯೋಗರೆಗೆ ನುಗ್ಗುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಅತ್ತೆ ಬಂದರು. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದರಲ್ಲಿ ಪ್ರಸಾದದ ಕೋಸಂಬರಿಯನ್ನು ಮುಷ್ಟಿಯಲ್ಲಿ ಹಿಡಿದು, ಚಳಿಗೆ ಬೈದುಕೊಳ್ಳುತ್ತ ನಡೆದು ಬಂದು ಮಗನ ಮುಂದೆ ನಿಂತರು.

‘ಎಡಗೈಲಿ ಕೊಡ್ತಿದೀನಿ ಕಣೋ’ ಎಂದರು.

ನಮ್ಮನೆಯವರ ಬಲಗೈ ಅಭ್ಯಾಸದಂತೆ ಅರ್ಧ ಮೇಲೆದ್ದಿತು. ಅಲ್ಲೇ ನಿಂತಿತು. ಆಮೇಲೆ ಅದನ್ನು ಕೆಳಗಿಳಿಸಿ ಎಡಗೈ ಒಡ್ಡಿದರು.